ದೀರ್ಘವಾಗಿ ಉಸಿರೆಳೆದುಕೊಳ್ಳಿ, ಫೋಟೋ ಅಪ್‌ಲೋಡ್ ಮಾಡಿ

ನಮ್ಮ ಹೈಸ್ಕೂಲು ಮಕ್ಕಳೆಲ್ಲ ಸಂತೋಷವಾಗಿದ್ದಾರೆ. ಅನುಮಾನವಿದ್ದವರು ಫೋಟೋ ನೋಡಬಹುದು. ಒಂದೊಂದು ಫೋಟೋದ ಕೆಳಗೂ ಅಕ್ಷಾಂಶ, ರೇಖಾಂಶ, ತಾರೀಖು, ಗಂಟೆ, ನಿಮಿಷ ಎಲ್ಲ ಅಚ್ಚಾಗಿದೆ. ಹಿಂದೆಲ್ಲ ಮಕ್ಕಳು ಎಲ್ಲಿ, ಯಾವಾಗ, ಯಾಕೆ ನಗುತ್ತಿದ್ದರೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲೋ, ಕಾಂಪೌಂಡಿನ ಮೇಲೋ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗಲೋ ಲೆಕ್ಕಪತ್ರವಿಲ್ಲದೆ ನಕ್ಕು ಮುಗಿಸುತ್ತಿದ್ದರು. ಆ ಅವ್ಯವಸ್ಥೆ ಈಗಿಲ್ಲ. ಈಗ ನಗು ಎಂದರೆ ಜಿಯೋ ಟ್ಯಾಗ್ ಆದ ನಗು. ಸಂಜೆ ನಾಲ್ಕರೊಳಗೆ ಗೂಗಲ್ ಫಾರ್ಮಿಗೆ ಬೀಳದ ನಗು ಇಲಾಖೆಯ ದೃಷ್ಟಿಯಲ್ಲಿ ನಕ್ಕಂತೆಯೇ ಅಲ್ಲ.

ಇಷ್ಟಾದರೂ ಮಕ್ಕಳ ಮನಸ್ಸನ್ನು ಕೇಳುವವರಿಲ್ಲ ಎಂದು ಗೊಣಗುವವರಿದ್ದಾರೆ. ಕೇಳದೆ ಏನು? 2020ರ ಫೆಬ್ರುವರಿಯಲ್ಲೇ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಮಾನಸಿಕ ಆರೋಗ್ಯದಿಂದ ಹಿಡಿದು ಇಂಟರ್‌ನೆಟ್ ಸುರಕ್ಷತೆಯವರೆಗೆ 11 ವಿಷಯ, ಅವನ್ನು ಮಕ್ಕಳಿಗೆ ಮುಟ್ಟಿಸಲು ಶಾಲೆಗೆ ಇಬ್ಬರು ಶಿಕ್ಷಕರು. ಅವರಿಗೆ ಕೊಟ್ಟ ಬಿರುದು ರಾಯಭಾರಿ. ಉಳಿದ ರಾಯಭಾರಿಗಳಿಗೆ ಕಾರು, ಬಂಗಲೆ, ಬಾವುಟ ಇರುತ್ತದೆ. ನಮ್ಮ ರಾಯಭಾರಿ ವಿಜ್ಞಾನದ ಮೇಡಂ. ಬಿಸಿಯೂಟದ ಲೆಕ್ಕ ಅವರದೇ, ಎಸ್‌ಎಟಿಎಸ್ ಎಂಟ್ರಿ ಅವರದೇ, ಇಕೋ ಕ್ಲಬ್ಬು ಅವರದೇ, ಮತದಾರರ ಪಟ್ಟಿಯೂ ಅವರ ಬ್ಯಾಗಿನಲ್ಲೇ. 2025ರ ದಸರಾದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬಂತು. ಕೆಲಸ ಮುಗಿಯಲಿಲ್ಲವೆಂದು ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಹೀಗೆ ಮನೆಮನೆ ಹತ್ತಿ ಇಳಿದು 60 ಪ್ರಶ್ನೆ ಕೇಳಿ ಬಂದ ಮೇಡಂಗೆ, ಕ್ಲಾಸಿನ ಮೂಲೆಯಲ್ಲಿ ಕೂತ ಹುಡುಗಿಯನ್ನು ಕರೆದು ‘ಯಾಕಮ್ಮಾ ಸಪ್ಪಗಿದ್ದೀಯ?’ ಎಂದು 61ನೇ ಪ್ರಶ್ನೆ ಕೇಳಲು ಪುರಸೊತ್ತಾಗಲಿಲ್ಲ. ಕೇಳಿದ್ದರೂ ಆ ಉತ್ತರ ತುಂಬಲು ಆ್ಯಪಿನಲ್ಲಿ ಜಾಗವಿರಲಿಲ್ಲ.

ಕೋರ್ಟು ಕೂಡ ಕೈಕಟ್ಟಿ ಕೂತಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದೇ 15 ಮಾರ್ಗಸೂಚಿ ಹೊರಡಿಸಿತು. ನೂರು ಅಥವಾ ಹೆಚ್ಚು ಮಕ್ಕಳಿರುವ ಕಡೆ ಅರ್ಹ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕು, ಅಂಕ ನೋಡಿ ಮಕ್ಕಳನ್ನು ಗುಂಪು ಮಾಡಬಾರದು, ಎಲ್ಲರೆದುರು ಹೀಯಾಳಿಸಬಾರದು, ಶಕ್ತಿ ಮೀರಿದ ಗುರಿ ಹೊರಿಸಬಾರದು. ಸುದ್ದಿ ಓದಿದ ಹೆಡ್‌ಮಾಸ್ಟರು ತಲೆಯೆತ್ತಿ ಗೋಡೆ ನೋಡಿದರು. ಅಲ್ಲಿ ಹತ್ತನೇ ತರಗತಿಯ ಪಟ್ಟಿ ಎ, ಬಿ, ಸಿ ಎಂದು ಮೂರು ಗುಂಪಾಗಿ ತೂಗುತ್ತಿತ್ತು, ಸಿ ಗುಂಪು ಕೆಂಪು ಶಾಯಿಯಲ್ಲಿ. ಆ ಪಟ್ಟಿ ಮಾಡಿಸಿ ಎಂದು ಮೇಲಿನಿಂದ ಬಂದ ಪತ್ರವೂ ಬೀರುವಿನಲ್ಲಿತ್ತು. ಹೆಡ್‌ಮಾಸ್ಟರು ಸರ್ವಿಸಿನಲ್ಲಿ ಪಳಗಿದವರು. ‘ಸಿ’ ಅಳಿಸಿ ‘ವಿಶೇಷ ಗಮನ’ ಎಂದು ಬರೆಸಿದರು, ಕೆಂಪು ಶಾಯಿಗೆ ಹಸಿರು ಶಾಯಿ ಬಂತು, ಆದೇಶ ಪಾಲನೆಯಾಯಿತು. ಮಕ್ಕಳು ಮಾತ್ರ ಈಗಲೂ ‘ಲೋ ಸಿ, ಬಾರೋ’ ಎಂದೇ ಕರೆದುಕೊಳ್ಳುತ್ತಾರೆ.

ಸಮಾಲೋಚಕರ ವಿಷಯವೂ ಹೀಗೆಯೇ ಬಗೆಹರಿಯಿತು. ಗಣಿತಕ್ಕೇ ಅತಿಥಿ ಶಿಕ್ಷಕರನ್ನು ಕಾಯುತ್ತಿದ್ದ ಶಾಲೆಗೆ ಸಮಾಲೋಚಕರು ಎಲ್ಲಿಂದ ಉದುರುತ್ತಾರೆ? ವಿಜ್ಞಾನದ ಮೇಡಂ ಹೆಸರಿನ ಮುಂದೆ ಇನ್ನೊಂದು ಜವಾಬ್ದಾರಿ ಏರಿತು. ಗೋಡೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರು ಬರೆಸಿದರು. ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಿಂದ ನಡೆದುಬಂದಿರುವ ಒಳ್ಳೆಯ ವ್ಯವಸ್ಥೆ ಅದು. ಹಗಲು ರಾತ್ರಿ ಎನ್ನದೆ ಯಾರು ಬೇಕಾದರೂ ಫೋನ್ ಮಾಡಬಹುದು. ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಮೊದಲಿನಿಂದಲೂ ಇದ್ದ ಬರಹ: ‘ಮೊಬೈಲ್ ತಂದರೆ ಟಿ.ಸಿ.’

ಇಂಥದೊಂದು ಶಾಲೆಯಲ್ಲಿ ನಡೆದ ಒತ್ತಡ ನಿರ್ವಹಣಾ ಕಾರ್ಯಾಗಾರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಊರಿನ ಹೆಸರು ಬೇಡ, ನಿಮ್ಮೂರೆಂದುಕೊಂಡರೂ ನಡೆಯುತ್ತದೆ. ಫ್ಲೆಕ್ಸಿನ ತುಂಬ ದೊಡ್ಡವರ ಮುಖಗಳು, ಮಕ್ಕಳದು ಒಂದೂ ಇಲ್ಲ. ಸಂಪನ್ಮೂಲ ವ್ಯಕ್ತಿ ಬರುವುದು ತಡವಾದ್ದರಿಂದ ಮಕ್ಕಳು ಅಂಗಳದ ಬಿಸಿಲಲ್ಲಿ ಕೂತು ಒತ್ತಡ ತಂದುಕೊಂಡು ಸಿದ್ಧರಾಗಿದ್ದರು. ಗಿಡಕ್ಕೆ ನೀರೆರೆದು ಉದ್ಘಾಟನೆ. ನಲ್ಲಿಯಲ್ಲಿ ನೀರಿರಲಿಲ್ಲವಾಗಿ, ಅತಿಥಿಗಳಿಗೆಂದು ತಂದಿದ್ದ ಬಾಟಲಿಯನ್ನೇ ಗಿಡಕ್ಕೆ ಬಗ್ಗಿಸಿದರು. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಮುಗಿಯುವ ಹೊತ್ತಿಗೆ ಒತ್ತಡಕ್ಕೆ ಉಳಿದದ್ದು ಇಪ್ಪತ್ತು ನಿಮಿಷ.

“ಮಕ್ಕಳೇ, ಒತ್ತಡ ಎಲ್ಲಿರುತ್ತೆ?” ಎಂದರು ಸಂಪನ್ಮೂಲ ವ್ಯಕ್ತಿ.

“ಮನಸ್ಸಲ್ಲಿ ಸಾರ್” ಎಂದರು ಮಕ್ಕಳು, ಒಕ್ಕೊರಲಿನಿಂದ. ಹಿಂದಿನ ದಿನವೇ ಉತ್ತರ ಬಾಯಿಪಾಠ ಮಾಡಿಸಲಾಗಿತ್ತು.

“ಹಾಗಾದ್ರೆ ಕಣ್ಮುಚ್ಚಿ. ದೀರ್ಘವಾಗಿ ಉಸಿರೆಳೆದುಕೊಳ್ಳಿ.”

ಗಾಳಿ ಶೌಚಾಲಯದ ಕಡೆಯಿಂದ ಬೀಸುತ್ತಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ವೇಲಿನಿಂದ ಮೂಗು ಮುಚ್ಚಿಕೊಂಡಳು. “ಹಾಗೆ ಮುಚ್ಕೋಬಾರದಮ್ಮಾ, ಪೂರ್ತಿ ಒಳಕ್ಕೆ ತಗೋಬೇಕು” ಎಂದರು ಅವರು ಪ್ರೀತಿಯಿಂದ. ಆ ಶಾಲೆಯ ಹುಡುಗಿಯರು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಕುಡಿದರೆ ಅತ್ತ ಹೋಗಬೇಕಾಗುತ್ತದೆ. ಕೇರಳವನ್ನು ನೋಡಿ 2019ರಲ್ಲಿ ನಮ್ಮಲ್ಲೂ ವಾಟರ್ ಬೆಲ್ ಬಂದದ್ದು ನೆನಪಿರಬಹುದು. ಮಕ್ಕಳು ನೀರು ಕುಡಿಯಲೆಂದೇ ಬಾರಿಸುವ ಗಂಟೆ. ಕುಡಿದ ಮೇಲೆ ಏನು ಮಾಡಬೇಕೆಂಬುದಕ್ಕೆ ಯಾವ ಗಂಟೆಯೂ ಇರಲಿಲ್ಲ.

ಕಾರ್ಯಾಗಾರದ ಕೊನೆಗೆ ಸಲಹಾ ಪೆಟ್ಟಿಗೆಯ ಬೀಗ ತೆರೆದರು. ಐದು ಚೀಟಿ. ಮೊದಲನೆಯದು: ‘ಹುಡುಗೀರ ಟಾಯ್ಲೆಟ್ಟಿಗೆ ಚಿಲಕ ಹಾಕಿಸಿ.’ ಎರಡನೆಯದೂ ಅದೇ, ಕೈಬರಹ ಮಾತ್ರ ಬೇರೆ. ಮೂರನೆಯದು: ‘ಪಿ.ಟಿ. ಪಿರಿಯಡ್ಡು ನಮಗೇ ಕೊಡಿ, ಗಣಿತ ಸಾರ್ ಬರೋದು ಬೇಡ.’ ನಾಲ್ಕನೆಯದು: ‘ನಮ್ಮೂರ ಲಾಸ್ಟ್ ಬಸ್ಸು ಐದು ಗಂಟೆಗೆ. ಸ್ಪೆಷಲ್ ಕ್ಲಾಸು ಬಿಡೋದು ಐದೂವರೆಗೆ.’ ಐದನೆಯದನ್ನು ಮೇಡಂ ಜೋರಾಗಿ ಓದಲಿಲ್ಲ. ‘ಅಪ್ಪ ಕುಡಿದು ಬಂದು ಪುಸ್ತಕ ಬಿಸಾಕ್ತಾರೆ. ಸಂಜೆ ಇಲ್ಲೇ ಓದ್ಕೊಳ್ಳೋಕೆ ಒಂದು ರೂಮು ಕೊಡಿ.’ ಸಂಪನ್ಮೂಲ ವ್ಯಕ್ತಿ ಎಲ್ಲವನ್ನೂ ನೋಡಿ ತಲೆಯಾಡಿಸಿದರು: “ನೋಡಿ, ಮಕ್ಕಳಲ್ಲಿ ಎಷ್ಟು ನೆಗೆಟಿವ್ ಥಿಂಕಿಂಗ್!”

ವರದಿ ಕಳಿಸಬೇಕಲ್ಲ. ಫಾರ್ಮಿನಲ್ಲಿ ಸಮಸ್ಯೆಗಳಿಗೆ ನಾಲ್ಕೇ ಆಯ್ಕೆ: ಪರೀಕ್ಷಾ ಭಯ, ಹದಿಹರೆಯದ ಗೊಂದಲ, ಮೊಬೈಲ್ ಗೀಳು, ನಕಾರಾತ್ಮಕ ಆಲೋಚನೆ. ಚಿಲಕ ಎಂಬ ಕಾಲಂ ಇರಲಿಲ್ಲ. ಬಹಳ ಹೊತ್ತು ಯೋಚಿಸಿ ಎರಡು ಚಿಲಕಗಳನ್ನು ಹದಿಹರೆಯದ ಗೊಂದಲಕ್ಕೆ ಸೇರಿಸಿದರು. ಪಿ.ಟಿ. ಮತ್ತು ಬಸ್ಸು ಪರೀಕ್ಷಾ ಭಯಕ್ಕೆ ಹೋದವು. ಕುಡುಕ ಅಪ್ಪ ನಕಾರಾತ್ಮಕ ಆಲೋಚನೆಯಾದ.

ಇಲ್ಲಿದೆ ಇಡೀ ಯೋಗಕ್ಷೇಮದ ಗುಟ್ಟು. ಚಿಲಕಕ್ಕೆ ದುಡ್ಡು ಬೇಕು. ಬಸ್ಸಿಗೆ ಡಿಪೋ ಮ್ಯಾನೇಜರ ಹತ್ತಿರ ಹೋಗಬೇಕು. ಸಂಜೆ ರೂಮು ತೆರೆದಿಡಲು ಒಬ್ಬ ಕಾವಲುಗಾರ ಬೇಕು, ಹುದ್ದೆ ಮಂಜೂರಾಗಬೇಕು. ಅದೇ ಚಿಲಕವನ್ನು ಒತ್ತಡ ಎಂದು ಕರೆದುಬಿಟ್ಟರೆ ಅನುದಾನದ ಗೊಡವೆಯೇ ಇಲ್ಲ. ಒತ್ತಡಕ್ಕೆ ಔಷಧಿ ಉಸಿರು, ಉಸಿರು ಪುಕ್ಕಟೆ. ಮೇಲಾಗಿ, ಚಿಲಕವಿಲ್ಲದಿದ್ದರೆ ತಪ್ಪು ಇಲಾಖೆಯದು. ಒತ್ತಡವಿದ್ದರೆ ತಪ್ಪು ಮಗುವಿನದು, ಅವಳಿಗೆ ಉಸಿರಾಡಲು ಬರುವುದಿಲ್ಲ. ಒಂದೇ ಶಬ್ದದಲ್ಲಿ ಖರ್ಚೂ ಉಳಿಯಿತು, ಹೊಣೆಯೂ ಕೈಬದಲಾಯಿತು. ಹಣಕಾಸು ಇಲಾಖೆಗೆ ಇಷ್ಟು ಸಹಾಯ ಮಾಡಿದ ಮನೋವಿಜ್ಞಾನ ಇನ್ನೊಂದಿಲ್ಲ.

ದುಡ್ಡು ಬಿಚ್ಚಿದರೆ ಏನಾಗುತ್ತದೆ ಎಂಬುದೂ ನಮ್ಮ ಕಣ್ಣೆದುರಿಗೇ ಇದೆ. ಅದೇ ಶಾಲೆಯಲ್ಲಿ ಬಿಸಿಯೂಟವಿದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, ಈಚೆಗೆ ರಾಗಿ ಮಾಲ್ಟ್ ಸೇರಿದೆ. ವಾರಕ್ಕೆರಡು ಇದ್ದ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರಾಯಿತು. ತಟ್ಟೆಯ ಮುಂದೆ ಕೂರಿಸಿ ‘ಕಣ್ಮುಚ್ಚಿ, ಮೊಟ್ಟೆಯನ್ನು ಕಲ್ಪಿಸಿಕೊಳ್ಳಿ’ ಎಂದು ಯಾರೂ ಹೇಳಲಿಲ್ಲ. ಬೇಯಿಸಿ ಕೊಟ್ಟರು, ಮಕ್ಕಳು ತಿಂದರು. ಇಡೀ ವರ್ಷದ ಕಾರ್ಯಕ್ರಮಗಳಲ್ಲಿ ಸಂಪನ್ಮೂಲ ವ್ಯಕ್ತಿಯಿಲ್ಲದೆ ಯಶಸ್ವಿಯಾದದ್ದು ಇದೊಂದೇ ಇರಬೇಕು.

ಇನ್ನು ಒತ್ತಡ ಹುಟ್ಟುವ ಜಾಗ. ಅದು ನಿವಾರಣೆಯ ಸುತ್ತೋಲೆ ಹೊರಡುವ ಕಚೇರಿಯ ಪಕ್ಕದ ಮೇಜು. ಈ ಮೇಜಿನಿಂದ ಬಂದ ಪತ್ರ: ಬೆಳೆಯುವ ಮಕ್ಕಳಿಗೆ ಎಂಟು ತಾಸು ನಿದ್ದೆ ಬೇಕು, ಜಾಗೃತಿ ಮೂಡಿಸಿ. ಆ ಮೇಜಿನಿಂದ ಬಂದ ಪತ್ರ: ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಣೆಗಾಗಿ ಬೆಳಿಗ್ಗೆ ಐದಕ್ಕೆ ಶಿಕ್ಷಕರು ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸಿ. ಪಳಗಿದ ಹೆಡ್‌ಮಾಸ್ಟರು ಎರಡನ್ನೂ ಪಾಲಿಸಿದರು. ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ, “ಏನಪ್ಪಾ, ಚೆನ್ನಾಗಿ ನಿದ್ದೆ ಬಂತಾ?” ಎಂದು ವಿಚಾರಿಸುವಂತೆ ಎಲ್ಲರಿಗೂ ಹೇಳಿದರು.

ಯಾಕಿಷ್ಟು ಅವಸರ ಎಂದರೆ, ಜಿಲ್ಲೆಯ ಸ್ಥಾನ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ದುಪ್ಪಟ್ಟು ಮಾಡಿದ ಮೇಲೆ. ಮಕ್ಕಳು ನಕ್ಕರೂ ಕ್ಯಾಮೆರಾ, ನಕಲು ಮಾಡಿದರೂ ಕ್ಯಾಮೆರಾ. ನಡುವೆ ಕಲಿಯುವಾಗ ಮಾತ್ರ ಯಾರೂ ನೋಡುತ್ತಿರಲಿಲ್ಲ ಎಂಬುದು ಆಗ ಬಯಲಾಯಿತು. ಆ ವರ್ಷದಿಂದಲೇ ವರ್ಷಕ್ಕೆ ಮೂರು ಪರೀಕ್ಷೆ ಬಂದವು. 2025ರಲ್ಲಿ ಪಾಸಾಗಲು ಒಟ್ಟು ಶೇ 33, ಅಂದರೆ 625ಕ್ಕೆ 206 ಸಾಕು, ವಿಷಯಕ್ಕೆ ಕನಿಷ್ಠ ಶೇ 30 ಬಂದರಾಯಿತು ಎಂಬ ತೀರ್ಮಾನ ಬಂತು. ಮಕ್ಕಳ ಭಯ ಕಡಿಮೆ ಮಾಡಲು ಇದೂ ಒಂದು ದಾರಿಯೇ. ಆದರೆ ಶಾಲೆಯಲ್ಲಿ ಪಾಸಿಂಗ್ ಪ್ಯಾಕೇಜು ನಿಲ್ಲಲಿಲ್ಲ. ಹಸಿರು ಶಾಯಿಯ ಮಕ್ಕಳು ಖಾಯಂ ಕೇಳುವ ಪ್ರಶ್ನೆಗಳನ್ನು, ನಕಾಶೆಯನ್ನು, ಪತ್ರಲೇಖನವನ್ನು ಉರು ಹೊಡೆಯುತ್ತಾ ಇದ್ದಾರೆ. ಹೊಡೆಯುವುದು ಯಾವಾಗ? ಪಿ.ಟಿ. ಪಿರಿಯಡ್ಡಿನಲ್ಲಿ.

ವೇಳಾಪಟ್ಟಿಯಲ್ಲಿ ಪಿ.ಟಿ. ಇದೆ. ಮೈದಾನವೂ ಇದೆ, ಬೀರುವಿನಲ್ಲಿ ಬೀಗದೊಳಗೆ ಚೆಂಡೂ ಇದೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇರುವುದರಿಂದ ಗಣಿತದವರು ಆ ಹೊತ್ತನ್ನು ದತ್ತು ತೆಗೆದುಕೊಂಡಿದ್ದಾರೆ. ತಿಂಗಳ ಮೂರನೇ ಶನಿವಾರ ಸಂಭ್ರಮ ಶನಿವಾರ, ಬ್ಯಾಗಿಲ್ಲದ ದಿನ. ನಿಯಮ ಮುರಿಯಬಾರದೆಂದು ಮಕ್ಕಳು ಅಂದು ನೋಟ್ಸುಗಳನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ತರುತ್ತಾರೆ. ಫೋಟೋದಲ್ಲಿ ಬೆನ್ನುಗಳೆಲ್ಲ ಹಗುರ.

ಇಲಾಖೆಗೆ ನನ್ನದೊಂದು ಸಲಹೆ. ಪೆಟ್ಟಿಗೆಗೆ ಹಾಕದೆ ಇಲ್ಲೇ ಬರೆಯುತ್ತಿದ್ದೇನೆ, ಕೀಲಿ ಯಾರ ಹತ್ತಿರ ಇದೆಯೋ ತಿಳಿಯದು. ಒಂದೇ ಒಂದು ಸುತ್ತೋಲೆ ಹೊರಡಿಸಿ. ಮೊದಲು ಚಿಲಕ, ನೀರು, ಬಸ್ಸು. ಆಮೇಲೆ ವಾರಕ್ಕೆ ಎರಡು ಪಿರಿಯಡ್ಡು ಬೀರುವಿನ ಬೀಗ ತೆಗೆದು ಮಕ್ಕಳನ್ನು ಮೈದಾನಕ್ಕೆ ಬಿಡಿ. ಅತಿಥಿಗಳು ಬೇಡ, ಬ್ಯಾನರ್ ಬೇಡ, ಧ್ಯೇಯವಾಕ್ಯ ಬೇಡ. ಆಡಲಿ, ಜಗಳವಾಡಲಿ, ಬಿದ್ದು ಮೊಣಕಾಲು ತರಚಿಕೊಳ್ಳಲಿ, ಮರದಡಿ ಸುಮ್ಮನೆ ಕೂರಲಿ. ವಿಜ್ಞಾನದ ಮೇಡಂಗೆ ಆ ಹೊತ್ತು ಬೇರೆ ಯಾವ ಎಂಟ್ರಿಯೂ ಇರಬಾರದು. ಅವರು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿ ಕೂತಿರಲಿ, ಮಾತಾಡಬೇಕೆನಿಸಿದ ಮಗು ತಾನೇ ಹತ್ತಿರ ಬರುತ್ತದೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಹೀಗೆ ಸೇರಿಸಿ: ಈ ಚಟುವಟಿಕೆಯ ಬಗ್ಗೆ ಯಾವುದೇ ಫೋಟೋ, ವಿಡಿಯೋ, ವರದಿ ಕಳಿಸತಕ್ಕದ್ದಲ್ಲ.

ಸುತ್ತೋಲೆ ಹೊರಟರೆ ಮೊದಲ ದಿನ ಏನಾಗುತ್ತದೆ ಎಂಬುದೂ ಗೊತ್ತು. ಹನ್ನೊಂದು ಗಂಟೆಗೆ ಬಿಇಒ ಕಚೇರಿಗೆ ಹೆಡ್‌ಮಾಸ್ಟರ ಫೋನ್ ಬರುತ್ತದೆ:

“ಸಾರ್, ವರದಿ ಕಳಿಸಬೇಡಿ ಅಂದಿದ್ದೀರಲ್ಲ, ಕಳಿಸಿಲ್ಲ ಅನ್ನೋದನ್ನ ಯಾವ ಫಾರ್ಮ್ಯಾಟಿನಲ್ಲಿ ಕಳಿಸಬೇಕು?”