ಸಭಾಚಿತ್ರಮೀಮಾಂಸೆ

ಸಭೆಯೆಂಬುದು ಮಾತಿನಿಂದ ಹುಟ್ಟಿ, ಕಾಫಿಯಿಂದ ಬೆಳೆದು, ನಡವಳಿ ಪುಸ್ತಕದಲ್ಲಿ ಲಯ ಹೊಂದತಕ್ಕ ವ್ಯಾಪಾರವೆಂದು ಪ್ರಾಚೀನರು ನಂಬಿದ್ದರು. ಗೋಡೆಗೆ ನಾಲ್ಕಡಿ ಎತ್ತರದ ಕಾಗದವನ್ನು ಉದ್ದಕ್ಕೂ ಹಚ್ಚಿ, ಸಭಿಕರು ಆಡಿದುದನ್ನು ಆಡಿದೊಡನೆಯೇ ಚಿತ್ರವಾಗಿಸುವ ನವೀನರು ಆ ಲಯಕ್ಕೆ ಬಣ್ಣವನ್ನು ಕಟ್ಟಿದರು. ಈ ಸಂಪ್ರದಾಯದ ಮೂಲಪೀಠವು ಸ್ಯಾನ್‌ ಫ್ರಾನ್ಸಿಸ್ಕೊ ಪ್ರಾಂತ. 1977ರಲ್ಲಿ ಡೇವಿಡ್‌ ಸಿಬೆಟ್‌ ಎಂಬಾತನು ಇದಕ್ಕೆಂದೇ ‘ದಿ ಗ್ರೋವ್‌’ ಎಂಬ ಸಂಸ್ಥೆಯನ್ನು ಸ್ಥಾಪಿಸಿದುದರಿಂದ ಆತನನ್ನು ಸೂತ್ರಕಾರನೆನ್ನಲು ಅಡ್ಡಿಯಿಲ್ಲ. ಭಾಷ್ಯಕಾರರು ತಾವಾಗಿಯೇ ಹುಟ್ಟಿಕೊಂಡರು.

ಬರೆದುಕೊಳ್ಳಲು ಗುಮಾಸ್ತನಿರುವಾಗ ಬಿಡಿಸಲು ಚಿತ್ರಕನೇಕೆ ಎಂಬುದು ಪೂರ್ವಪಕ್ಷ. ಉತ್ತರವು ಸುಲಭ. ಭಾಷಣಕಾರನು ಒಂದೇ ಮಾತನ್ನು ಮೂರಾವರ್ತಿ ಹೇಳುವುದು ಯಾರೂ ಕೇಳಲಿಲ್ಲವೆಂಬ ಸಂಶಯದಿಂದ. ತನ್ನ ಮಾತು ಗೋಡೆಯ ಮೇಲೆ ಕೆಂಪು ಚೌಕಟ್ಟಿನೊಳಗೆ ಮೂಡಿದುದನ್ನು ಕಂಡಾಗ, ಅಧ್ಯಕ್ಷರ ಘಂಟೆಗೂ ಬಗ್ಗದವನು ಪ್ರಸನ್ನನಾಗಿ ತಾನೇ ಕುಳಿತುಕೊಳ್ಳುತ್ತಾನೆ. ಇನ್ನು ಕೈಯಾಡಿಸುತ್ತ ಕೇಳುವವರು ಗಮನಗೇಡಿಗಳೆಂಬ ಉಪಾಧ್ಯಾಯರ ಮತವನ್ನು 2009ರಲ್ಲಿ ಜಾಕಿ ಆಂಡ್ರೇಡ್‌ ಎಂಬ ವಿದುಷಿಯು ಖಂಡಿಸಿದಳು. ಬೇಸರ ಬರಿಸುವ ದೂರವಾಣಿ ಸಂದೇಶವೊಂದನ್ನು 40 ಮಂದಿಗೆ ಕೇಳಿಸಿದಾಗ, ಕಾಗದದ ಮೇಲಿನ ಆಕೃತಿಗಳಿಗೆ ಸೀಸದಕಡ್ಡಿ ತೀಡುತ್ತಿದ್ದವರೇ ಉಳಿದವರಿಗಿಂತ ಶೇ. 29ರಷ್ಟು ಹೆಚ್ಚು ನೆನಪಿಟ್ಟಿದ್ದರಂತೆ. ಪಂಡಿತರು ಪ್ರಯೋಗಕ್ಕೆಂದು ಬೇಸರವನ್ನು ಉತ್ಪಾದಿಸಬೇಕಾಯಿತು. ನಮ್ಮ ವಾರ್ಷಿಕ ಸಭೆಗಳಿಗೆ ಬಂದಿದ್ದರೆ ಆ ವೆಚ್ಚ ಉಳಿಯುತ್ತಿತ್ತು.

ಈಗ ಲಕ್ಷಣಭಾಗ. ಚಿತ್ರಕನು ಒಂದು ವಾಕ್ಯವನ್ನು ಬಿಡಿಸುತ್ತಿರುವಾಗಲೇ ಕಿವಿಯಲ್ಲಿ ಮುಂದಿನ ವಾಕ್ಯವನ್ನು ಹಿಡಿದಿಟ್ಟುಕೊಳ್ಳುವ ದ್ವಿಕರ್ಮಿ. ಮೊದಲು ಮೊಂಡುಮೊನೆಯ ಪೆನ್ನಿನಿಂದ ಕಪ್ಪಕ್ಷರ, ಬಳಿಕ ಆಕೃತಿ, ಮಾತು ಜಾಳಾದಾಗ ಬೂದುಬಣ್ಣದ ನೆರಳು: ನೆರಳು ದಟ್ಟವಾಗಿರುವಲ್ಲಿ ಭಾಷಣವು ತೆಳುವಾಗಿತ್ತೆಂದು ಅನುಮಾನಪ್ರಮಾಣದಿಂದ ತಿಳಿಯತಕ್ಕದ್ದು. ಹೊಸ ವಿಚಾರಕ್ಕೆ ಉರಿಯುವ ಬಲ್ಬು, ಸಹಕಾರಕ್ಕೆ ಹಸ್ತಲಾಘವ, ಅಡಚಣೆಗೆ ಬಂಡೆ, ಗುರಿಗೆ ಶಿಖರದ ಮೇಲಿನ ಬಾವುಟ. ಶಿಖರದತ್ತ ಏರುವ ಪುಟ್ಟ ಮನುಷ್ಯರ ಸಾಲನ್ನು ಕಂಡು, ಮಹಾಪ್ರಸ್ಥಾನದ ಕಥೆಯನ್ನು ಬಲ್ಲವರು ಕೊನೆಯಲ್ಲಿ ನಾಯಿಯೊಂದುಂಟೇ ಎಂದು ಹುಡುಕಿದರೆ ತಪ್ಪಲ್ಲ. ಆದರೆ ‘ಈ ವಿಷಯವನ್ನು ಉಪಸಮಿತಿಗೆ ಒಪ್ಪಿಸೋಣ’ ಎಂಬ ಸಕಲ ಸಭೆಗಳ ಮಹಾವಾಕ್ಯಕ್ಕೆ ಈ ಶಾಸ್ತ್ರದಲ್ಲಿ ಇನ್ನೂ ಸಂಕೇತವಿಲ್ಲ. ಮೋಡವನ್ನು ಬರೆಯುವುದು ರೂಢಿಗೆ ಬರಬಹುದು.

ದೋಷವೂ ಇಲ್ಲಿಯೇ ಇದೆ. ಏನನ್ನೂ ತೀರ್ಮಾನಿಸದ ಸಭೆಯೂ ಈ ಕಾಗದದ ಮೇಲೆ ದಿಗ್ವಿಜಯವಾಗಿ ಕಾಣುವುದು. ಸಭಿಕರು ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡು, ಕೆಲಸ ಮುಗಿಯಿತೆಂದು ಮನೆಗೆ ಹೋಗುವರು.

ಇದಕ್ಕೆ ಪ್ರತಿಯಾದ ಪಂಥವು ನಮ್ಮ ನೆಲದಲ್ಲಿಯೇ ಬೆಳೆದಿದೆ. 1989ರಿಂದೀಚೆಗೆ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆಯವರು ಊರವರಿಂದಲೇ ಊರಿನ ನಕ್ಷೆಯನ್ನು ನೆಲದ ಮೇಲೆ ಬರೆಯಿಸಿದರು. ರಂಗೋಲಿ ಪುಡಿ, ಕಲ್ಲು, ಕಾಳು ಇವೇ ಸಾಮಗ್ರಿ. ಇಂಥ ನಕ್ಷೆಯಲ್ಲಿ ಒಬ್ಬನು ಬಾವಿಯನ್ನು ತನ್ನ ಕೇರಿಯತ್ತ ಸರಿಸಿದರೆ, ಹಿಂದೆ ನಿಂತವನು ಅದನ್ನು ಕಾಲಿನಿಂದಲೇ ಒರಸಿಬಿಡಬಲ್ಲನು. ಗೋಡೆಯ ಮೇಲಿನ ಬಲ್ಬನ್ನು ಹಾಗೆ ಒರಸಲು ಯಾವ ಸಭಿಕನಿಗೆ ಧೈರ್ಯವುಂಟು? ಚಿತ್ರವು ಚೆನ್ನಾಗಿರುವುದಕ್ಕಿಂತ ಅದನ್ನು ಕೆಡಿಸುವ ಅಧಿಕಾರವು ಎಲ್ಲರಿಗೂ ಇರುವುದೇ ಮೇಲೆಂದು ಸಿದ್ಧಾಂತ.

ಆದಕಾರಣ ಸಭಾಧ್ಯಕ್ಷರಲ್ಲಿ ವಿಜ್ಞಾಪನೆ: ಚಿತ್ರಕನಿಗೆ ಸಂಭಾವನೆಯನ್ನು ಧಾರಾಳವಾಗಿ ಕೊಡಿರಿ, ಆದರೆ ಆತನ ಪೆನ್ನುಗಳಲ್ಲಿ ಒಂದನ್ನು ಇಸಿದುಕೊಂಡು, ಕೊನೆಯ ಸಾಲಿನಲ್ಲಿ ಇದುವರೆಗೆ ಬಾಯಿ ಬಿಡದೆ ಕುಳಿತಿರುವವರ ಕೈಗೆ ದಾಟಿಸಿರಿ.