ಚರನಾಮ ಮೀಮಾಂಸೆ (ನರೋಣಾ ಶಾಖೆ)

ವ್ಯಾಪಾರಿ ಸಂಸ್ಥೆಯ ಪ್ರೋಗ್ರಾಮಿನಲ್ಲಿ ಚರಗಳಿಗೆ ಹೆಸರಿಡುವ ಕರ್ಮ ಷೋಡಶ ಸಂಸ್ಕಾರಗಳಲ್ಲಿ ಸೇರದೆ ಹೋದದ್ದು ಧರ್ಮಶಾಸ್ತ್ರಕಾರರ ದೊಡ್ಡ ಲೋಪ. ಆಳಂದ ತಾಲ್ಲೂಕಿನ ನರೋಣಾ ಹೋಬಳಿಯವನಾಗಿ, ಕಲಬುರಗಿಯ ದಾಲ್‌ಮಿಲ್ಲುಗಳಿಗೂ ಅಡತಿ ಅಂಗಡಿಗಳಿಗೂ ಲೆಕ್ಕದ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಾನು ಆ ಲೋಪ ತುಂಬಲು ಹೊರಟಿದ್ದೇನೆ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಎರಡು ಪದಗಳ ನಡುವೆ ಅಡಿಗೆರೆ ಬೇಕೋ ಬೇಡವೋ ಎಂದು ಮಧ್ಯಾಹ್ನದವರೆಗೆ ನಡೆದ ಮೀಟಿಂಗಿನಲ್ಲಿ ಎದ್ದುಹೋಗದೆ ಕೂತವನು.

ನಾಮಸಂಪ್ರದಾಯಗಳು ಏಳು. ಮೊದಲನೆಯದು ಷಡಕ್ಷರ ಸಂಪ್ರದಾಯ. 1957ರಲ್ಲಿ ಐಬಿಎಂ ಹೊರತಂದ ಫೋರ್ಟ್ರಾನ್ ಇದರ ಮೂಲಪೀಠ. ಅಂದು ಹೆಸರು ಆರಕ್ಷರ ಮೀರುವಂತಿರಲಿಲ್ಲ. ಐ ಇಂದ ಎನ್‌ವರೆಗಿನ ಅಕ್ಷರದಿಂದ ಶುರುವಾದರೆ ಪೂರ್ಣಾಂಕ, ಇಲ್ಲವಾದರೆ ದಶಮಾಂಶ. ನಕ್ಷತ್ರದ ಪಾದ ನೋಡಿ ಕೂಸಿನ ಮೊದಲಕ್ಷರ ಗೊತ್ತು ಮಾಡುವ ಜೋಯಿಸರು ಇದನ್ನು ತಕ್ಷಣ ಒಪ್ಪುತ್ತಾರೆ.

ಎರಡನೆಯದು ಹಂಗೇರಿ ಮಠ. ಬುಡಾಪೆಸ್ಟಿನಲ್ಲಿ ಹುಟ್ಟಿ ಮೈಕ್ರೋಸಾಫ್ಟ್ ಸೇರಿದ ಚಾರ್ಲ್ಸ್ ಸಿಮೊನಿ ಇದರ ಆಚಾರ್ಯರು. ಚರದ ಜಾತಿ ಯಾವುದೆಂದು ಹೆಸರಿನ ತಲೆಗೇ ಕಟ್ಟಬೇಕು, ಆಮೇಲೆ ಹೆಸರು. ಹಂಗೇರಿಯಲ್ಲಿ ಮನುಷ್ಯರಿಗೂ ಮನೆತನದ ಹೆಸರೇ ಮುಂದೆ. ನಮ್ಮ ಕಡೆಯವರು ಜಾತಿಯನ್ನು ಹಿಂದೆ ಹಚ್ಚಿಕೊಳ್ಳುತ್ತಾರೆ, ಭೇದ ಇಷ್ಟೇ.

ಮೂರನೆಯದು ಉಷ್ಟ್ರ, ನಾಲ್ಕನೆಯದು ಸರ್ಪ. ಜಾವಾದವರು ಪದ ಪದಕ್ಕೂ ದೊಡ್ಡಕ್ಷರದ ಡುಬ್ಬ ಎಬ್ಬಿಸುತ್ತಾರೆ. ಪೈಥಾನಿನವರು 2001ರ ಪೆಪ್ 8 ಎಂಬ ಸ್ಮೃತಿಯ ಪ್ರಕಾರ ಅಡಿಗೆರೆಯ ಮೇಲೆ ತೆವಳುತ್ತಾರೆ. ಐದು, ಆರು, ಏಳನೆಯವನ್ನು ಬರೆಯುವುದಿಲ್ಲ. ಅವುಗಳಿಂದ ಒಂದು ಚೀಲ ತೊಗರಿ ಹೆಚ್ಚಿಗೆ ಮಾರಿದ್ದನ್ನು ನಾನು ಕಂಡಿಲ್ಲ.

ಇಲ್ಲೊಂದು ಪೂರ್ವಪಕ್ಷ: ಚರಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟರೇನು? ಪೈಥಾನ್ 3 ಒಪ್ಪುತ್ತದೆ. ಹಮಾಲಿ_ದರ ಎಂದು ಬರೆದರೆ ತಕರಾರಿಲ್ಲದೆ ಲೆಕ್ಕ ಹಾಕುತ್ತದೆ. ಗೂಗಲ್ 2009ರಲ್ಲಿ ಹೊರಗೆಡವಿದ ಗೋ ಭಾಷೆಯಲ್ಲಿ ಮಾತ್ರ ಸೂಕ್ಷ್ಮವಿದೆ. ಅಲ್ಲಿ ಹೆಸರಿನೊಳಗೆ ಅಕ್ಷರ, ಅಂಕಿ, ಅಡಿಗೆರೆ ಸಲ್ಲುತ್ತವೆ. ಕೊಂಬು, ಗುಡಿಸು, ದೀರ್ಘ ಅಕ್ಷರಗಳಲ್ಲ, ಅಂಟಿಕೊಂಡ ಗುರುತುಗಳು. ಆದ್ದರಿಂದ 'ದರ' ನಡೆಯುತ್ತದೆ, 'ತೊಗರಿ' ನಡೆಯುವುದಿಲ್ಲ. ಆ 'ದರ'ವೂ ತನ್ನ ಪ್ಯಾಕೇಜು ಬಿಟ್ಟು ಹೊರಗೆ ಕಾಲಿಡುವಂತಿಲ್ಲ, ಏಕೆಂದರೆ ಹೊರಗೆ ಹೋಗುವ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು. ನಮ್ಮಲ್ಲಿ ದೊಡ್ಡಕ್ಷರವೂ ಇಲ್ಲ, ಸಣ್ಣಕ್ಷರವೂ ಇಲ್ಲ. ಮಾಲಿಲ್ಲದ ದರ, ಅದೂ ಮನೆಯೊಳಗೇ. ತೊಗರಿ ಬೆಳೆಯುವವರಿಗೆ ಇದು ಹೊಸ ಅನುಭವವೇನಲ್ಲ.

ಇನ್ನು ನಿರ್ಗುಣನಾಮ ಪ್ರಕರಣ. ಸರ್ಕಾರದ 'ಭೂಮಿ'ಯಲ್ಲಿ ಪಹಣಿ ತೆಗೆಯಲು ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೇ ನಂಬರು ಆದಮೇಲೆ 'ಸರ್ನಾಕ್' ಎಂಬ ಮನೆ ಬರುತ್ತದೆ, ಅದರ ಹಿಂದೆ ಹಿಸ್ಸಾ. ಸರ್ನಾಕಿನೊಳಗೆ ಬಹುತೇಕ ಒಂದೇ ಒಂದು ನಕ್ಷತ್ರಚಿಹ್ನೆ. ಹೆಸರಿಲ್ಲ, ಗುಣವಿಲ್ಲ, ಆದರೆ ಅದನ್ನು ಆರಿಸದೆ ಮುಂದಿನ ಗತಿಯಿಲ್ಲ. ವೇದಾಂತಿಗಳು ಇಷ್ಟು ಕಾಲ ಹುಡುಕಿದ್ದು ಇದನ್ನೇ ಇರಬೇಕು.

ಗತನಾಮ ಪ್ರಕರಣವನ್ನು ಬೇಗ ಮುಗಿಸುತ್ತೇನೆ. ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ವಿಮಾನ ನಿಲ್ದಾಣ ತೆರೆದದ್ದು 2019ರಲ್ಲಿ. ಆದರೂ ಅದರ ಕೋಡು ಜಿಬಿಐ. ಅದೇ ವರ್ಷ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ನಾನು ಬರೆದ ಒಂದು ಪ್ರೋಗ್ರಾಮಿನಲ್ಲಿ 'ಎಚ್‌ಕೆ' ಇನ್ನೂ ಕೂತಿದೆ. ಎಬ್ಬಿಸಿದರೆ ಯಾವ ಗೋಡೆ ಬೀಳುತ್ತದೋ ಯಾರಿಗೂ ತಿಳಿಯದು.

ಈಗ ಪ್ರಮಾಣಗ್ರಂಥದ ವಿಚಾರ. ನಾನು ದುಡಿದ ಒಂದು ಕಂಪನಿಗೆ ಬೆಂಗಳೂರಿನಿಂದ ಸಲಹೆಗಾರರೊಬ್ಬರು ಬಂದರು. ಹೆಸರಿಡುವ ನಿಯಮಗಳ ದಪ್ಪ ದಸ್ತಾವೇಜು ತಂದರು. 'ಹಮಾಲಿ', 'ದಲಾಲಿ' ಎಂಬ ಚರಗಳನ್ನು ಕಂಡು ಮುಖ ಕಿವುಚಿ, ಇವು ಅರ್ಥವಾಗುವ ಹೆಸರುಗಳಲ್ಲ ಎಂದರು. ಯಾರಿಗೆ? ಕಲಬುರಗಿ ಎಪಿಎಂಸಿಯಲ್ಲಿ ಅಕ್ಷರ ಬರದವರಿಗೂ ಅರ್ಥವಾಗುತ್ತವೆ. ಹಮಾಲಿ ಹೋಗಿ 'ಲೋಡಿಂಗ್ ಅನ್‌ಲೋಡಿಂಗ್ ಲೇಬರ್ ಚಾರ್ಜ್ ಅಮೌಂಟ್ ವ್ಯಾಲ್ಯೂ' ಬಂತು. ಚರದ ಹೆಸರೇ ರೈತರ ಪಟ್ಟಿಯ ಮೇಲೆ ಅಚ್ಚಾಗುವಂತೆ ಹಿಂದಿನವರು ಬರೆದಿಟ್ಟಿದ್ದರು. ಮರುದಿನ ಮುನೀಮರ ಫೋನು: "ಸಾಹೇಬ್ರ, ಪಟ್ಟಿ ತುಂಬ ಇಂಗ್ಲಿಷ್ ಅದ. ಹಮಾಲಿ ಎಲ್ಲಿ ಹೋಯ್ತ್ರಿ?"

ನಗುವುದು ಇಲ್ಲಿಗೆ ಸಾಕು. ಆ ದಸ್ತಾವೇಜಿನಲ್ಲಿ ಚರದ ಹೆಸರು ಎಷ್ಟು ಉದ್ದವಿದ್ದರೂ ಇರಲಿ, ಸ್ಪಷ್ಟವಾಗಿರಲಿ ಎಂದಿತ್ತು. ಅದೇ ಪ್ರೋಗ್ರಾಮಿನಲ್ಲಿ ರೈತರ ಹೆಸರಿಗೆ ಕೊಟ್ಟ ಜಾಗ ಇಪ್ಪತ್ತು ಇಂಗ್ಲಿಷ್ ಅಕ್ಷರ. ಶರಣಬಸಪ್ಪ, ಮಲ್ಲಿಕಾರ್ಜುನಪ್ಪ ಎಂದು ಹೆಸರಿಡುವ ನಾಡು ಇದು. ಅದಕ್ಕೆ ತಂದೆಯದೋ ಗಂಡನದೋ ಹೆಸರು ಸೇರಬೇಕು, ಅಡ್ಡಹೆಸರು ಬೇರೆ. ಇಪ್ಪತ್ತು ಮುಗಿದಲ್ಲಿ ಕತ್ತರಿ. ಚೆಕ್ಕಿನ ಮೇಲೂ ಕತ್ತರಿಸಿದ ಹೆಸರೇ.

ನಮ್ಮ ಹೋಬಳಿಯ ಒಬ್ಬ ಮುದುಕಿ ಬ್ಯಾಂಕು ವಾಪಸು ಕಳಿಸಿದ ಚೆಕ್ಕು ಹಿಡಿದು ಬಂದು ಕೇಳಿದಳು: "ಯಪ್ಪಾ, ನನ್ನ ಹೆಸರು ಅರ್ಧ ಯಾಕ ಅದ?"

"ಡಬ್ಬ್ಯಾಗ ಅಷ್ಟೇ ಹಿಡಿತದ ಆಯಿ."

"ಡಬ್ಬಿ ಮಾಡ್ದವರು ನೀವೇ ಅಲ್ಲೇನೋ?"

ಇದನ್ನು ಸಭೆಯಲ್ಲಿ ಎತ್ತಿದೆ. ರೈತರ ಹೆಸರಿರುವ ಚರಕ್ಕೆ ಏನೆಂದು ಹೆಸರಿಡಬೇಕೆಂಬ ಚರ್ಚೆ ಊಟದ ಹೊತ್ತಿನವರೆಗೆ ನಡೆಯಿತು. ಅದರ ಉದ್ದದ ವಿಷಯ ಮುಂದಿನ ಸಭೆಗೆ ಹೋಯಿತು, ಅದರ ಮುಂದಿನದಕ್ಕೂ ಹೋಯಿತು. ಇವರಿಗೆ ಹೆಸರು ಕೆಟ್ಟರೆ ಕೋಡು ಕೆಡುತ್ತದೆ ಎಂಬ ಭಯವಿದೆ. ಹೊಲದಲ್ಲಿ ಆರು ತಿಂಗಳು ನಿಂತ ಬೆಳೆಯ ರೊಕ್ಕ ಒಂದು ಅಕ್ಷರಕ್ಕೆ ತಡೆಯುತ್ತದೆ ಎಂಬುದು ಯಾವ ನಿಯಮದ ಅಡಿಯಲ್ಲೂ ಬರುವುದಿಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಈಗ ನಾವು ನಾಲ್ಕನೆಯದು ಕೊಟ್ಟೆವು. ಒಂದೇ ವಸ್ತುವಿಗೆ ಎರಡು ಹೆಸರಿರಕೂಡದು ಎಂಬುದು ದಸ್ತಾವೇಜಿನ ಮೊದಲ ಪುಟದ ಮೊದಲ ನಿಯಮ.

ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್ ತರಲು ಬ್ಯಾಂಕಿನವರು ಹೇಳಿದರು. ಮುದುಕಿ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಆಳಂದಕ್ಕೆ ಹೋದಳು. ಛಾಪಾ ಕಾಗದ ಹಾಕಿ ಕೂತ ಬಾಂಡ್ ರೈಟರ್ ಯಾವ ಹೆಸರು ಮೊದಲು ಬರೆಯಲಿ ಎಂದು ಕೇಳಿದನಂತೆ.

"ರೊಕ್ಕ ಕಟ್ ಆದ ಹೆಸರಿನ್ಯಾಗ ಅದ. ಅದನ್ನೇ ಮುಂದ ಹಾಕು."