ನಡುಕ ಭಾಗ್ಯ

ದುಡ್ಡು ಕೊಟ್ಟು ಹೊಡೆತ ತಿನ್ನುವ ಸುಖವನ್ನು ನಮಗೆ ಕಲಿಸಿದ್ದು ಆರ್ಕೇಡ್ ಯಂತ್ರಗಳು. 1976ರಲ್ಲೇ ಸೆಗಾ ಕಂಪನಿ ಒಂದು ಮೋಟರ್‌ಸೈಕಲ್ ಆಟ ಮಾಡಿತ್ತು. ಪರದೆಯ ಮೇಲೆ ಬೈಕು ಗುದ್ದಿದರೆ ಕೈಯಲ್ಲಿದ್ದ ಹ್ಯಾಂಡಲ್ ಗಡಗಡ ನಡುಗುತ್ತಿತ್ತು. 1989ರಲ್ಲಿ ಅಟಾರಿಯ ‘ಹಾರ್ಡ್ ಡ್ರೈವಿನ್’ ಬಂತು. ಕ್ಲಚ್ಚು, ಗೇರು, ಕೀಲಿಕೈ ಎಲ್ಲ ಇದ್ದ ಅದರ ಸ್ಟೀರಿಂಗ್ ಬರೀ ನಡುಗಿ ಸುಮ್ಮನಾಗದೆ, ಎದುರುಬಿದ್ದು ಜಗಳಕ್ಕೇ ನಿಲ್ಲುತ್ತಿತ್ತು. 1994ರ ‘ಡೇಟೋನಾ ಯುಎಸ್‌ಎ’ಯಲ್ಲಿ ಗೋಡೆಗೆ ಕಾರು ತಾಗಿಸಿದವರಿಗೆ ಭುಜದವರೆಗೂ ಸಮಾಚಾರ ತಲುಪುತ್ತಿತ್ತು.

ಇಂಥ ಯಂತ್ರಗಳನ್ನು ಕಂಪ್ಯೂಟರಿನೊಳಗೆ ಮತ್ತೆ ಬದುಕಿಸುವ ತಂತ್ರಾಂಶವೇ ಎಮ್ಯುಲೇಟರ್. ಚಿತ್ರ ಬರುತ್ತದೆ, ಸದ್ದು ಬರುತ್ತದೆ. ಹೊಡೆತ ಮಾತ್ರ ಅರ್ಜಿ ಹಾಕದೆ ಬರುವುದಿಲ್ಲ.

ಮೂಲ ಯಂತ್ರದಲ್ಲಿ ಸ್ಟೀರಿಂಗ್ ಮೋಟರಿಗೆಂದೇ ಬೇರೆ ಬೋರ್ಡು ಇರುತ್ತಿತ್ತು. ಎಡಕ್ಕೆಳೆ, ಸಡಿಲ ಬಿಡು, ನಡುಗಿಸು ಎಂದು ಆಟ ಅದಕ್ಕೆ ಅಂಕಿಗಳಲ್ಲೇ ಅಪ್ಪಣೆ ಕೊಡುತ್ತಿತ್ತು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಶುರು ಮಾಡಿದ ‘ಮೇಮ್’ ಎಂಬ ಎಮ್ಯುಲೇಟರ್ ಈ ಅಂಕಿಗಳನ್ನು ಹೊರಗೆ ಸಾರುತ್ತದೆ, ಅಷ್ಟೆ. ಕೇಳುವವರು ಇದ್ದಾರೋ ಇಲ್ಲವೋ ಎಂಬುದು ಅದರ ತಲೆನೋವಲ್ಲ. ಹಳೆಯ ಯಂತ್ರವನ್ನು ಇದ್ದದ್ದು ಇದ್ದಂತೆ ದಾಖಲಿಸುವುದು ಅದರ ವ್ರತ. ಆದ್ದರಿಂದ ಕಿವಿಗೊಟ್ಟು ಕೇಳಿ ಚಕ್ರಕ್ಕೆ ಮುಟ್ಟಿಸಲು ಇನ್ನೊಂದು ಪ್ಲಗಿನ್ ಹುಡುಕಬೇಕು. ‘ಸ್ಕಡ್ ರೇಸ್’ ಕಾಲದ ಸೆಗಾ ಆಟಗಳನ್ನು ನಡೆಸುವ ‘ಸೂಪರ್‌ಮಾಡೆಲ್’ ಸ್ವಲ್ಪ ಉದಾರಿ: ಸೆಟ್ಟಿಂಗ್ಸ್ ಕಡತದಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಎಂಬ ಸಾಲಿನ ಸೊನ್ನೆಯನ್ನು ಒಂದು ಮಾಡಿದರೆ ಬಾಗಿಲು ತೆರೆಯುತ್ತದೆ.

ಬಾಗಿಲ ಆಚೆ ವಿಂಡೋಸ್ ಕೂತಿರುತ್ತದೆ. ಆಟದ ಸಾಧನಗಳ ಜೊತೆ ಮಾತಾಡಲು ಅದರಲ್ಲಿ ಎರಡು ಪಂಗಡ. ಹಿರಿಯ ಡೈರೆಕ್ಟ್ಇನ್‌ಪುಟ್‌ಗೆ ಸ್ಪ್ರಿಂಗು, ಘರ್ಷಣೆ, ಎಡ–ಬಲದ ಎಳೆತ ಎಲ್ಲ ಗೊತ್ತು. 2005ರಲ್ಲಿ ಎಕ್ಸ್‌ಬಾಕ್ಸ್ 360ರ ಜೊತೆ ಬಂದ ಎಕ್ಸ್‌ಇನ್‌ಪುಟ್‌ಗೆ ಗೊತ್ತಿರುವುದು ಗೇಮ್‌ಪ್ಯಾಡಿನ ಎರಡೇ ಮೋಟರು. ಎಡಗೈ ಕಡೆ ಭಾರದ ತೂಕ ಕಟ್ಟಿದ್ದು, ಬಲಗೈ ಕಡೆ ಹಗುರದ್ದು. ವೇಗ ಸೊನ್ನೆಯಿಂದ 65535ರವರೆಗೆ. ‘ಎಡಕ್ಕೆಳೆ’ ಎಂದರೆ ಪಾಪ, ಗೇಮ್‌ಪ್ಯಾಡ್ ಏನು ಮಾಡೀತು? ಹುಲ್ಲಿಗಿಳಿದರೂ, ಗೋಡೆಗೆ ಗುದ್ದಿದರೂ, ಹಿಂದಿನವನು ಒದ್ದರೂ ಮೈಮೇಲೆ ದೇವರು ಬಂದವರಂತೆ ನಡುಗುವುದೊಂದೇ ಅದಕ್ಕೆ ಬರುವ ವಿದ್ಯೆ.

ಅದಕ್ಕೇ ಸ್ಟೀರಿಂಗ್ ತಂದೆ. ಇದ್ದ ಗಟ್ಟಿ ಮೇಜು ಊಟದ್ದೊಂದೇ; ಅದಕ್ಕೇ ಕ್ಲಾಂಪ್ ಬಿಗಿದೆ. ಇನ್ನೊಂದು ತುದಿಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಪ್ಲಗ್ ಚುಚ್ಚಿದ್ದೇ ತಡ, ಚಕ್ರ ತನ್ನ ಅಳತೆ ತಾನೇ ನೋಡಿಕೊಳ್ಳಲು ಎಡತುದಿ ಮುಟ್ಟಿ, ಬಲತುದಿ ಮುಟ್ಟಿ, ಗುರ್ ಎಂದು ನಡುವಿಗೆ ಬಂದು ನಿಂತಿತು. ಅವರೆಕಾಳು ತಟ್ಟೆಯಿಂದ ಹಾರಿತು.

“ಯಾರೂ ಮುಟ್ಟದೆ ತಿರುಗ್ತಿದೆಯಲ್ಲೋ! ಕಾರೆಲ್ಲಿ?”

“ಪರದೆ ಒಳಗಿದೆ ಅಮ್ಮ.”

“ಹಾಗಾದ್ರೆ ನಡುಗೋದೂ ಅಲ್ಲೇ ನಡುಗಲಿ. ನನ್ನ ಮೇಜಿಗೇನು ಬಂತು?”

ಈ ಪ್ರಶ್ನೆಗೆ ಯಾವ ಕೈಪಿಡಿಯಲ್ಲೂ ಉತ್ತರವಿಲ್ಲ.

ಇಷ್ಟಾದ ಮೇಲೆ ಆಟವೇ ಮುನಿಸಿಕೊಂಡಿತು. ಅಕ್ಕಪಕ್ಕದ ಯಂತ್ರಗಳು ಬರಲಿ ಎಂದು ಕಾಯುತ್ತಾ ಕೂತಿತು. ಮೂಲದಲ್ಲಿ ಇವು ಸಾಲಾಗಿ ತಂತಿ ಜೋಡಿಸಿಕೊಂಡು ನಿಂತಿದ್ದ ಕುಟುಂಬಸ್ಥ ಯಂತ್ರಗಳು. ಟೆಸ್ಟ್ ಮೆನುವಿಗೆ ಹೋಗಿ ‘ಲಿಂಕ್ ಐಡಿ’ ಎದುರು ‘ಸಿಂಗಲ್’ ಎಂದು ಬರೆಸಿ, ನೀನೀಗ ಒಂಟಿ ಎಂದು ಅದಕ್ಕೆ ಮನವರಿಕೆ ಮಾಡಬೇಕು. ಆಮೇಲೆ ಚಕ್ರದ ತಕರಾರು. ಮನೆಬಳಕೆಯ ಚಕ್ರ ಸಾಮಾನ್ಯವಾಗಿ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಆರ್ಕೇಡಿನದು 270 ಡಿಗ್ರಿ. ಮನೆಯ ಚಕ್ರವನ್ನೂ ಅಷ್ಟಕ್ಕೇ ಇಳಿಸದಿದ್ದರೆ ರೇಸ್ ಕಾರನ್ನು ಕೆಎಸ್‌ಆರ್‌ಟಿಸಿ ಬಸ್ಸಿನ ಹಾಗೆ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಇಷ್ಟೆಲ್ಲ ಕೂಡಿಬಂದು ಮೊದಲ ತಿರುವಿನಲ್ಲಿ ಚಕ್ರ ಕೈ ಜಗ್ಗಿತು ನೋಡಿ, ಬೈಗುಳ ತಿಂದದ್ದೂ ಸಾರ್ಥಕ ಅನ್ನಿಸಿತು. ಗೇಮ್‌ಪ್ಯಾಡಿನ ನಡುಕ ಡಿಕ್ಕಿಯಾಗಿದೆ ಎಂದು ತಿಳಿಸುತ್ತದೆ. ಚಕ್ರದ ಎಳೆತ ಡಿಕ್ಕಿ ಆಗುವ ಮುಂಚೆಯೇ ಎಚ್ಚರಿಸುತ್ತದೆ. ಪಟ್ಟ ಪಾಡಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಮಾಡ ಹೊರಟವರಿಗೆ ಒಂದೇ ಮಾತು: ಚಕ್ರದ ಎಳೆತದ ಬಲವನ್ನು ಮೊದಲು ಶೇಕಡಾ ಮೂವತ್ತಕ್ಕಿಟ್ಟು ನೋಡಿ, ಆಮೇಲೆ ಏರಿಸಿ. ಯಂತ್ರ ಎಷ್ಟೇ ನಕಲಿಯಾದರೂ ಮಣಿಕಟ್ಟು ಅಸಲಿಯೇ.